ಗಾಂಧಿ ಕ್ಲಾಸಿನಿಂದ: ಡ್ಯೂಪ್ ಇಲ್ಲದ ಹತ್ತು ನಿಮಿಷ

ಕಡಬದಿಂದ ಒಬ್ಬ ಓದುಗ ಮಿತ್ರ ಪತ್ರ ಬರೆದಿದ್ದಾನೆ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕುವುದಿಲ್ಲ. ಅವನ ಪ್ರಶ್ನೆ ಹೀಗಿದೆ: "ಸಿನಿಮಾದಲ್ಲಿ ಹೀರೋ ದೊಡ್ಡ ಕೊಡೆಯಂಥದ್ದಕ್ಕೆ ನೇತುಬಿದ್ದು ಸಮುದ್ರದ ಮೇಲೆ ಹಾರಾಡ್ತಾನಲ್ಲ ಸಾರ್, ಅದು ನಿಜವಾಗಿ ಹಾರುವುದಾ, ಇಲ್ಲ ಗ್ರೀನ್ ಮ್ಯಾಟಾ? ನಮ್ಮಂಥವರಿಗೂ ಹಾರ್ಲಿಕ್ಕೆ ಆಗ್ತದಾ? ಎಷ್ಟು ಖರ್ಚು ಬರ್ತದೆ? ನೀವು ಯಾವತ್ತಾದ್ರೂ ಹಾರಿದ್ದುಂಟಾ, ಇಲ್ಲ ಬರೀ ಬರೆಯುವುದು ಮಾತ್ರವಾ?"

ಕೊನೆಯ ಪ್ರಶ್ನೆ ಇದೆಯಲ್ಲ, ಅದು ಸ್ವಲ್ಪ ಚುಚ್ಚಿತು. ಹಾಗಾಗಿ ಈ ವಾರ ಮುಹೂರ್ತದ ಸುದ್ದಿ ಇಲ್ಲ, ಕಲೆಕ್ಷನ್ ಲೆಕ್ಕ ಇಲ್ಲ. ಈ ವಾರ ನಾನು ಹಾರಿದ ಕಥೆ. ಹಾರಿದ್ದೇನೆ ಮಾರಾಯ! ಎಂಬತ್ತಾರು ಕಿಲೋ ದೇಹ ಹೊತ್ತುಕೊಂಡು, ಡ್ಯೂಪ್ ಇಲ್ಲದೆ, ಕ್ರೇನ್ ಇಲ್ಲದೆ, ಹತ್ತು ನಿಮಿಷ. ಸಾಕ್ಷಿಗೆ ಸುಳ್ಯದ ಗೆಳೆಯನೊಬ್ಬ ಇದ್ದಾನೆ, ಅವನ ತಾಯಿಯೂ ಇದ್ದಾರೆ. ಆದರೆ ಈ ಕಥೆಯ ಹೀರೋ ನಾನಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಟಿಕೆಟ್ ದುಡ್ಡು ವಾಪಸು ಕೇಳಬೇಡಿ.

ಸಿನಿಮಾದ ವಿಷಯ ಮೊದಲು ಮುಗಿಸುವಾ. ಪರದೆಯ ಮೇಲೆ ಹೀರೋನ ಮುಖ ಹತ್ತಿರದಿಂದ ಕಂಡು, ಕೂದಲು ಹಾರಾಡಿ, ಹಲ್ಲು ಕಾಣಿಸಿದರೆ ಅವನು ಸಾಧಾರಣವಾಗಿ ಹಗ್ಗಕ್ಕೆ ನೇತುಬಿದ್ದಿರುತ್ತಾನೆ, ಎದುರಿಗೆ ದೊಡ್ಡ ಫ್ಯಾನು ಇರುತ್ತದೆ. ದೂರದಿಂದ ಕಾಣುವ ಚುಕ್ಕಿ ಇದೆಯಲ್ಲ, ಅವನು ನಿಜವಾಗಿ ಹಾರುವವನು. ಹೀರೋನ ಶರಟನ್ನೇ ಹಾಕಿಕೊಂಡ ಬೇರೆ ಯಾರೋ. ಅವನ ಹೆಸರು ಟೈಟಲ್ ಕಾರ್ಡಿನಲ್ಲಿ ಬರುವ ಹೊತ್ತಿಗೆ ನಾವು ಬೀಡಾ ಅಂಗಡಿಯ ಎದುರು ಇರುತ್ತೇವೆ. ಟೈಗರ್ ಪ್ರಭಾಕರ್ ಅಂಥವರು ಸ್ಟಂಟ್ ಮಾಡುತ್ತಲೇ ಮೇಲೆ ಬಂದು ಖಳನಾಗಿ, ಹೀರೋ ಆಗಿ ಮೆರೆದರು ಎಂಬುದು ನಿಜ. ಹಾಗೆ ಮೇಲೆ ಬಂದವರು ಎಷ್ಟು ಮಂದಿ? ಬೆರಳಲ್ಲಿ ಎಣಿಸಬಹುದು. ಇನ್ನು ಕೆಲವರು ಕೆಳಗೆ ಹೋದವರು ಮೇಲೆ ಬರಲೇ ಇಲ್ಲ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರದ ಕ್ಲೈಮ್ಯಾಕ್ಸಿಗಾಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಜಿಗಿದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಆ ಜಿಗಿತದ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಗಾಂಧಿ ಕ್ಲಾಸಿನಲ್ಲಿ ಕೂತು ನಲವತ್ತು ವರ್ಷ ವಿಸಿಲ್ ಹೊಡೆದವನಿಗೆ, ಆ ವಿಸಿಲ್ ಯಾರಿಗೆ ಹೊಡೆದದ್ದು ಎಂದು ಅವತ್ತು ಮೊದಲ ಸಲ ಸಂಶಯ ಬಂತು.

ಇರಲಿ. ಹಾರುವ ವಿಷಯ.

ನಮ್ಮ ಕಡೆಯ ಹುಡುಗರು ಮಲ್ಪೆಗೋ ಪಣಂಬೂರಿಗೋ ಹೋಗಿಬಂದು "ಪ್ಯಾರಾಗ್ಲೈಡಿಂಗ್ ಮಾಡಿ ಬಂದೆ" ಎಂದು ಸ್ಟೇಟಸ್ ಹಾಕುತ್ತಾರೆ. ತಪ್ಪು! ಅದು ಪ್ಯಾರಾಸೇಲಿಂಗ್. ಅಲ್ಲಿ ನಿಮ್ಮನ್ನು ಪ್ಯಾರಾಚೂಟಿಗೆ ಕಟ್ಟಿ, ಪ್ಯಾರಾಚೂಟನ್ನು ಹಗ್ಗಕ್ಕೆ ಕಟ್ಟಿ, ಹಗ್ಗವನ್ನು ಬೋಟಿಗೆ ಕಟ್ಟುತ್ತಾರೆ. ಬೋಟು ಓಡಿದರೆ ನೀವು ಮೇಲೆ, ನಿಂತರೆ ಕೆಳಗೆ. ನೀವು ಗಾಳಿಪಟ, ಬೋಟಿನವನು ದಾರ ಹಿಡಿದ ಹುಡುಗ, ಅಷ್ಟೇ. ಪ್ಯಾರಾಗ್ಲೈಡಿಂಗಿನಲ್ಲಿ ನೆಲಕ್ಕೂ ನಿಮಗೂ ಯಾವ ಹಗ್ಗವೂ ಇಲ್ಲ, ಇಂಜಿನೂ ಇಲ್ಲ. ತಲೆಯ ಮೇಲೆ ಬಟ್ಟೆಯ ರೆಕ್ಕೆ. ರೆಕ್ಕೆಯ ಎದುರಿನ ಅಂಚಿನಲ್ಲಿ ಸಾಲಾಗಿ ಬಾಯಿಗಳು. ಆ ಬಾಯಿಗಳಲ್ಲಿ ಗಾಳಿ ಒಳಗೆ ನುಗ್ಗಿ ಬಟ್ಟೆಯನ್ನು ಉಬ್ಬಿಸಿ, ವಿಮಾನದ ರೆಕ್ಕೆಯ ಹಾಗೆ ಸೆಟೆದು ನಿಲ್ಲಿಸುತ್ತದೆ. ಗಾಳಿ ಒಳಗಿರುವ ತನಕ ಅದು ರೆಕ್ಕೆ. ಗಾಳಿ ಹೋದರೆ ಒಗೆದು ಹಾಕಿದ ಬೆಡ್‌ಶೀಟು. 'ಟ್ಯಾಂಡೆಮ್' ಎಂದರೆ ಇಬ್ಬರು ಸೇರಿ ಹಾರುವುದು. ಕಲಿತ ಪೈಲಟ್ ಹಿಂದೆ, ನಿಮ್ಮಂಥ ನನ್ನಂಥ ಪ್ರವಾಸಿ ಮುಂದೆ. ಸೈಕಲ್ಲಿನ ಬಾರಿನ ಮೇಲೆ ತಮ್ಮನನ್ನು ಕೂರಿಸಿಕೊಂಡ ಹಾಗೆ.

ಈ ಆಟ ಹುಟ್ಟಿದ್ದು ಯಾವಾಗ ಗೊತ್ತುಂಟಾ? 1978ರಲ್ಲಿ. ನಮ್ಮವರು 'ಶಂಕರ್ ಗುರು'ವಿಗೆ ಕ್ಯೂ ನಿಂತ ವರ್ಷ, ದ್ವಾರಕೀಶರು 'ಸಿಂಗಾಪುರದಲ್ಲಿ ರಾಜಾಕುಳ್ಳ' ತೋರಿಸಿ ಕನ್ನಡಿಗರಿಗೆ ಪರದೇಶ ಕಾಣಿಸಿದ ವರ್ಷ. ಅದೇ ವರ್ಷ ಫ್ರಾನ್ಸಿನ ಮಿಯೂಸಿ ಎಂಬ ಬೆಟ್ಟದ ಊರಿನಲ್ಲಿ ಮೂವರು ಪ್ಯಾರಾಚೂಟ್ ಶೋಕಿಯವರು ವಿಮಾನದ ಖರ್ಚು ಉಳಿಸಲು ಒಂದು ಉಪಾಯ ಹೂಡಿದರು. ಚೌಕ ಪ್ಯಾರಾಚೂಟ್ ಬೆನ್ನಿಗೆ ಹರಡಿಕೊಂಡು ಗುಡ್ಡದ ಇಳಿಜಾರಿನಲ್ಲಿ ಓಡಿಯೇ ಹಾರಿಬಿಟ್ಟರು. ಖರ್ಚು ಉಳಿಸಲು ಹೊರಟು ಇಡೀ ಲೋಕಕ್ಕೆ ಖರ್ಚು ಹಚ್ಚಿದರು ಪುಣ್ಯಾತ್ಮರು!

ಈಗ ನನ್ನ ಕಥೆ.

ಗೆಳೆಯ ಅಂದೆನಲ್ಲ, ಅವನು ಸುಳ್ಯದ ಕಡೆಯವನು. ಕೆಲಸ ಅಡಿಕೆ ಮರ ಹತ್ತುವುದು. ಸೀಸನ್ನಿನಲ್ಲಿ ಕೊಯ್ಯುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ನನ್ನನ್ನು "ಅಣ್ಣ" ಎನ್ನುತ್ತಾನೆ. ತೂಕ ಐವತ್ತೆರಡು ಕಿಲೋ, ಅದರಲ್ಲಿ ಐವತ್ತು ಕಿಲೋ ನರ. ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು ಹೇಳಬೇಕು: ಅಡಿಕೆ ಮರ ಹತ್ತುವವನು ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಕಾಲಿಗೆ ತಳೆ ಸಿಕ್ಕಿಸಿ ಒಂದು ಮರದ ತುದಿಗೆ ಹೋಗುತ್ತಾನೆ. ಅಲ್ಲಿಂದ ಆ ಮರವನ್ನೇ ತೂಗಿ ಬಗ್ಗಿಸಿ, ಪಕ್ಕದ ಮರದ ತಲೆ ಕೈಗೆ ಸಿಕ್ಕಿದಾಗ ಅದಕ್ಕೆ ದಾಟುತ್ತಾನೆ. ಹಾಗೆ ಹತ್ತು, ಹದಿನೈದು ಮರ. ನೆಲದಿಂದ ನಲವತ್ತು ಐವತ್ತು ಅಡಿ ಮೇಲೆ, ಮಳೆಗೆ ಪಾಚಿ ಹಿಡಿದ ಕಾಂಡ, ಕೈಯಲ್ಲಿ ಮದ್ದಿನ ಪೈಪು. ಕೆಳಗೆ ಬಲೆ ಇಲ್ಲ, ಸೊಂಟಕ್ಕೆ ಹಗ್ಗ ಇಲ್ಲ, ವಿಸಿಲ್ ಹೊಡೆಯಲು ನಾವೂ ಇಲ್ಲ.

ಅವನ ಅಣ್ಣನೂ ಅದೇ ಕೆಲಸದವನು. ಒಂದು ಆಟಿ ತಿಂಗಳಲ್ಲಿ ಮದ್ದು ಬಿಡುವಾಗ ಹೀಗೆ ದಾಟಲು ಹೋಗಿ ಮರದ ತುದಿ ಮುರಿಯಿತು. ಜೀವ ಉಳಿಯಿತು, ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ 'ಮೇಲೆ' ಎಂಬ ಶಬ್ದವನ್ನು ಯಾರೂ ಸುಮ್ಮನೆ ಹೇಳುವುದಿಲ್ಲ. ತಮ್ಮ ಬೆಳಿಗ್ಗೆ ತಳೆ ತೆಗೆದುಕೊಂಡು ಹೊರಟರೆ ತಾಯಿ ಅಂಗಳದ ಕಡೆ ನೋಡುವುದೇ ಇಲ್ಲ, ಒಲೆ ಊದುತ್ತಾ ಕೂರುತ್ತಾರೆ. ಬೇರೆ ಕೆಲಸ ಮಾಡು ಎಂದು ಹೇಳಬಹುದು. ಹೇಳಿ ಹೊಟ್ಟೆಗೆ ಎಂತ ಹಾಕುವುದು?

2022ರ ಡಿಸೆಂಬರಿನಲ್ಲಿ ಆ ತಾಯಿಗೆ ಶಿವಗಿರಿಗೆ ಹೋಗಬೇಕೆಂದಾಯಿತು. ನಮ್ಮ ಮಂಗಳೂರಿನ ಕುದ್ರೋಳಿ ಗೋಕರ್ಣನಾಥನನ್ನು 1912ರಲ್ಲಿ ಪ್ರತಿಷ್ಠೆ ಮಾಡಿದವರು ನಾರಾಯಣ ಗುರುಗಳು. ಅವರ ಸಮಾಧಿ ಇರುವುದು ಕೇರಳದ ವರ್ಕಲದ ಶಿವಗಿರಿಯಲ್ಲಿ. ವರ್ಷದ ಕೊನೆಗೆ ಅಲ್ಲಿ ತೀರ್ಥಾಟನೆ, ಹಳದಿ ಬಟ್ಟೆ ಉಟ್ಟವರ ಸಮುದ್ರ. ಆ ನೂಕುನುಗ್ಗಲಿಗಿಂತ ಒಂದು ವಾರ ಮೊದಲೇ ಹೋಗಿಬರುವಾ ಎಂದು ಮೂವರು ಹೊರಟೆವು. ಕಬಕ ಪುತ್ತೂರಿನಿಂದ ಮಂಗಳೂರು, ಅಲ್ಲಿಂದ ಸಂಜೆಯ ಮಲಬಾರ್ ಎಕ್ಸ್‌ಪ್ರೆಸ್, ಬೆಳಿಗ್ಗೆ ವರ್ಕಲ. ಗುರುಗಳ ಸಮಾಧಿಯ ಎದುರು ಅಮ್ಮ ಒಂದು ಗಂಟೆ ಕೂತರು. ಯಾರಿಗಾಗಿ ಬೇಡಿಕೊಂಡರು ಎಂದು ನಾವು ಕೇಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಸಮುದ್ರ ನೋಡಲು ಹೋದೆವು. ವರ್ಕಲದ ಸಮುದ್ರ ನಮ್ಮ ಉಳ್ಳಾಲ, ಪಣಂಬೂರಿನ ಹಾಗಲ್ಲ. ಊರು ಮೇಲೆ, ಸಮುದ್ರ ಕೆಳಗೆ. ನಡುವೆ ಕಡಿದಿಟ್ಟ ಹಾಗೆ ಕೆಂಪು ದರೆ. ನಮ್ಮ ಮುರಕಲ್ಲಿನ ಬಣ್ಣವೇ! ದರೆಯ ಅಂಚಿನಲ್ಲೇ ಕಾಲುದಾರಿ, ಅಂಗಡಿ, ಹೋಟೆಲು, ಬಣ್ಣಬಣ್ಣದ ಲುಂಗಿ ಉಟ್ಟ ಫಾರಿನ್ನಿನವರು. ಕೆಳಗೆ ಪಾಪನಾಶಂ ಎಂಬ ಕಡಲತೀರ, ಅಲ್ಲಿ ಸತ್ತವರಿಗೆ ಪಿಂಡ ಬಿಡುತ್ತಾರೆ. ಆ ದರೆಯ ಮೇಲೆ, ಆಕಾಶದಲ್ಲಿ, ಕಿತ್ತಳೆ ಬಣ್ಣದ ಒಂದು ರೆಕ್ಕೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡಾಡುತ್ತಿತ್ತು. ಅದಕ್ಕೆ ಇಬ್ಬರು ನೇತುಬಿದ್ದಿದ್ದರು.

ಗೆಳೆಯ ನಿಂತ. ನಾನೂ ನಿಂತೆ.

"ಅಣ್ಣ, ಅದು ಬೀಳುದಿಲ್ವಾ?"

"ಗೊತ್ತಿಲ್ಲ ಮಾರಾಯ."

"ಕೇಳುವಾ?"

ಕೇಳಿದೆವು. ಮೂರೂವರೆ ಸಾವಿರ ಅಂದರು. ಅವನಿಗೆ ಅದು ಎರಡು ದಿನ ಮರ ಹತ್ತಿದ ಕೂಲಿ. ಹತ್ತು ನಿಮಿಷಕ್ಕೆ! ಅವನು ದುಡ್ಡಿನ ಬಗ್ಗೆ ಯೋಚಿಸುತ್ತಾನೆ ಅಂದುಕೊಂಡೆ. ಅವನು ಯೋಚಿಸುತ್ತಿದ್ದದ್ದು ಬೇರೆ. ರೆಕ್ಕೆಯಿಂದ ಇಳಿದುಬರುವ ನೂಲಿನಂಥ ಹಗ್ಗಗಳನ್ನು ಒಂದೊಂದಾಗಿ ಬೆರಳಲ್ಲಿ ಜಾರಿಸಿ ನೋಡುತ್ತಿದ್ದ. ಗಂಟು ಎಲ್ಲಿದೆ, ಸವೆದದ್ದು ಎಲ್ಲಿದೆ ಎಂದು. ಬೆಳಿಗ್ಗೆ ತಳೆ ನೋಡುವ ಕ್ರಮದಲ್ಲೇ. ಪೈಲಟ್ ಹಿಮಾಚಲದ ಹುಡುಗ, ಹಿಂದಿಯವನು. ಇವನ ಕೈ ನೋಡಿ ನಕ್ಕು, "ಇವರು ಏನು ಕೆಲಸ ಮಾಡ್ತಾರೆ?" ಎಂದು ನನ್ನನ್ನು ಕೇಳಿದ. ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ನನ್ನ ಹಿಂದಿ ಅಮಿತಾಭ್ ಬಚ್ಚನ್ನರಿಂದ ಕಲಿತದ್ದು, ಹೊಡೆದಾಟಕ್ಕೆ ಮಾತ್ರ ಸಾಕಾಗುತ್ತದೆ. ಹುಡುಗನಿಗೆ ಹೇಗೋ ಅರ್ಥವಾಯಿತು. ಒಂದು ಮರದಿಂದ ಇನ್ನೊಂದಕ್ಕೆ ದಾಟುವುದನ್ನು ಕೈಯಲ್ಲಿ ತೋರಿಸಿದಾಗ ಅವನ ಮುಖದ ನಗು ಹೋಯಿತು. "ಹಾರ್ನೆಸ್ ಇಲ್ಲದೆಯಾ?" ಅಂದ.

ಅಮ್ಮನನ್ನು ದಾರಿ ಬದಿಯ ಬೆಂಚಿನಲ್ಲಿ ಕೂರಿಸಿ, ಕೈಗೆ ಬಿಸಿ ಪಳಂಪೊರಿ ಕೊಟ್ಟು, "ಕೆಳಗೆ ಹೋಗಿ ಕಾಲು ನೆನೆಸಿ ಬರ್ತೇವೆ" ಎಂದು ಸುಳ್ಳು ಹೇಳಿ ಬಂದಿದ್ದೆವು. ಈ ಸುಳ್ಳಿನ ಐಡಿಯಾ ನನ್ನದೇ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮೊದಲು ಯಾರು? ನಾನು ದೊಡ್ಡವನು, ನಾನೇ ಎಂದು ಮುಂದೆ ಹೋದೆ. ಪೈಲಟ್ ನನ್ನನ್ನು ಮೇಲಿಂದ ಕೆಳಗೆ ನೋಡಿ ಗಾಳಿ ಸಾಲದು ಅಂದ! ಆಗ ತಿಳಿದದ್ದು ಈ ವಿದ್ಯೆಯ ಮರ್ಮ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ. ಆ ಕಡಲಗಾಳಿ ಬಂದು ಕೆಂಪು ದರೆಗೆ ಬಡಿಯುತ್ತದೆ, ಮುಂದೆ ಹೋಗಲು ದಾರಿಯಿಲ್ಲದೆ ಮೇಲಕ್ಕೆ ಏರುತ್ತದೆ. ರೆಕ್ಕೆ ನಿಜವಾಗಿ ಯಾವಾಗಲೂ ನಿಧಾನಕ್ಕೆ ಕೆಳಗೆ ಇಳಿಯುತ್ತಲೇ ಇರುತ್ತದೆ. ಆದರೆ ಅದು ಇಳಿಯುವುದಕ್ಕಿಂತ ಜೋರಾಗಿ ಗಾಳಿ ಏರುತ್ತಿದ್ದರೆ, ನಾವೂ ಗಾಳಿಯ ಜೊತೆ ಏರುತ್ತೇವೆ. ಎಸ್ಕಲೇಟರಿನಲ್ಲಿ ಕೆಳಮುಖವಾಗಿ ನಿಧಾನ ನಡೆದರೂ ಮೇಲಕ್ಕೇ ಹೋಗುವ ಹಾಗೆ. ಗಾಳಿ ಕಮ್ಮಿಯಾದರೆ ತೆಪ್ಪಗೆ ಕೆಳಗಿನ ಮರಳಿನಲ್ಲಿ ಇಳಿಯಬೇಕು. ಗಾಳಿ ಅತಿಯಾದರೆ ಇನ್ನೂ ಕಷ್ಟ: ರೆಕ್ಕೆಯ ವೇಗ ಗಂಟೆಗೆ ಮೂವತ್ತೈದು ನಲವತ್ತು ಕಿಲೋಮೀಟರ್ ಅಷ್ಟೇ. ಎದುರುಗಾಳಿ ಅದನ್ನು ಮೀರಿದರೆ ಹಿಂದಕ್ಕೆ, ದರೆಯ ಆಚೆಗೆ, ತೆಂಗಿನ ಮರ, ಕರೆಂಟಿನ ತಂತಿ, ಮನೆಗಳ ಕಡೆಗೆ ತಳ್ಳಿಬಿಡುತ್ತದೆ. ಅಲ್ಲಿ ಗಾಳಿ ಸುಳಿ ಸುತ್ತುತ್ತದೆ. ಹಾಗಾಗಿ ಮೆಲುಗಾಳಿಗೆ ಹಗುರದವನು, ಬಿರುಸಾದ ಮೇಲೆ ಭಾರದವನು. ಐವತ್ತೆರಡು ಕಿಲೋ ಮೊದಲು, ಎಂಬತ್ತಾರು ಕಿಲೋ ಆಮೇಲೆ.

ಗೆಳೆಯನಿಗೆ ಹಾರ್ನೆಸ್ ಕಟ್ಟಿದರು. ಎದೆಗೊಂದು ಪಟ್ಟಿ, ಎರಡು ತೊಡೆಗೆ ಎರಡು ಪಟ್ಟಿ, ತಲೆಗೆ ಹೆಲ್ಮೆಟ್. ಎರಡು ಭುಜದ ಹತ್ತಿರ ಬೀಗದ ಕೊಕ್ಕೆಗಳು. ಅದರ ಮೇಲೆ ರೆಕ್ಕೆಗೆ ಏನಾದರೂ ಆದರೆ ಎಸೆಯಲು ಇನ್ನೊಂದು ಪ್ಯಾರಾಚೂಟ್. ಅವನು ಒಂದೊಂದು ಬಕಲ್ ಹಾಕುವಾಗಲೂ ಬಗ್ಗಿ ನೋಡುತ್ತಿದ್ದ. "ಓಡಬೇಕು, ನಿಲ್ಲಬಾರದು, ಕೂರಬಾರದು" ಎಂದು ಪೈಲಟ್ ಹೇಳಿದ್ದನ್ನು ನಾನು ತುಳುವಿನಲ್ಲಿ ಹೇಳಿದೆ. ರೆಕ್ಕೆ ಹಿಂದಿನಿಂದ ಉಬ್ಬಿ ಎದ್ದಿತು. ಎರಡು ಹೆಜ್ಜೆ. ಮೂರನೆಯ ಹೆಜ್ಜೆಗೆ ನೆಲ ಸಿಗಲಿಲ್ಲ. ಹೋದ!

ನಾನು ಅಮ್ಮನ ಹತ್ತಿರ ಓಡಿದೆ. ಸುಳ್ಳು ಹೇಳಿದವನ ಕಾಲು ತಾನಾಗಿ ಓಡುತ್ತದೆ ಮಾರಾಯ್ರೇ. ಅವರು ಪಳಂಪೊರಿ ಅರ್ಧ ತಿಂದು ಕೈಯಲ್ಲಿ ಹಿಡಿದುಕೊಂಡು ಮೇಲೆ ನೋಡುತ್ತಿದ್ದರು.

"ಅದು ನಮ್ಮವನಲ್ವಾ ಮಗಾ?"

ಮಾತು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ಹೇಗೆ ಗುರುತು ಸಿಕ್ಕಿತೋ! ನನಗೆ ಹೆಲ್ಮೆಟ್ ಹಾಕಿದ ಚುಕ್ಕಿ ಮಾತ್ರ ಕಾಣುತ್ತಿತ್ತು. ನಾನು ಹೌದು ಅಂದೆ, ಪೆಟ್ಟು ತಿನ್ನಲು ತಯಾರಾಗಿ ನಿಂತೆ. ಅವರು ಬೊಬ್ಬೆ ಹೊಡೆಯಲಿಲ್ಲ, ಅಳಲಿಲ್ಲ. ಹಳದಿ ಸೀರೆಯ ಸೆರಗನ್ನು ಬಾಯಿಗೆ ಹಿಡಿದುಕೊಂಡು ನೋಡಿದರು. ರೆಕ್ಕೆ ದಕ್ಷಿಣಕ್ಕೆ ಹೋದರೆ ತಲೆ ದಕ್ಷಿಣಕ್ಕೆ, ಉತ್ತರಕ್ಕೆ ಬಂದರೆ ಉತ್ತರಕ್ಕೆ. ವರ್ಷಗಟ್ಟಲೆ ಅಂಗಳದ ಕಡೆ ನೋಡದ ಹೆಂಗಸು ಹತ್ತು ನಿಮಿಷ ಕಣ್ಣು ಮುಚ್ಚಲಿಲ್ಲ. ಒಂದು ಸಲ ಅವನು ನಮ್ಮ ನೇರ ಮೇಲೆಯೇ ಬಂದ. ಕಾಲು ಆಡಿಸುತ್ತಿದ್ದ, ತೆಂಗಿನ ಮರದಷ್ಟು ಎತ್ತರದಿಂದ "ಅಮ್ಮಾ" ಎಂದು ಕೂಗಿದ. ಅಮ್ಮ ಕೈ ಎತ್ತಲಿಲ್ಲ. ಕೈಯಲ್ಲಿ ಪಳಂಪೊರಿ ಇತ್ತು.

ಇಳಿದು ಬಂದ ಮಗ ಬೆವರಿದ್ದ. ಏನು ಹೇಳುತ್ತಾರೋ ಎಂದು ಹತ್ತಿರ ಬಾರದೆ ನಿಂತ. ಅಮ್ಮ ಎದ್ದು ಹೋದರು, ಅವನ ಸೊಂಟ ಮುಟ್ಟಿ ನೋಡಿದರು.

"ಇಲ್ಲಿ ಕಟ್ಟಿದ್ರಲ್ಲ, ಆ ಪಟ್ಟಿ ಎಲ್ಲಿ ಸಿಗ್ತದೆ ಮಗಾ?"

ನಮಗಿಬ್ಬರಿಗೂ ಉತ್ತರ ಬರಲಿಲ್ಲ. "ಅಣ್ಣನಿಗೆ ಅಂಥದ್ದೊಂದು..." ಎಂದು ಶುರುಮಾಡಿ ಅವರೂ ನಿಲ್ಲಿಸಿದರು.

ನನ್ನ ಹಾರಾಟದ ವಿಷಯ ಕೇಳುತ್ತೀರಾ? ನಾಲ್ಕು ಗಂಟೆಗೆ ಗಾಳಿ ಬಿರುಸಾಯಿತು, ನನ್ನನ್ನೂ ಕಟ್ಟಿದರು. ಓಡು ಅಂದಾಗ ಓಡಿದೆ. ನಿಜ ಹೇಳಬೇಕೆಂದರೆ, ನಾಲ್ಕು ಹೆಜ್ಜೆ ಓಡಿದ ಮೇಲೆ ಕೂತುಬಿಟ್ಟೆ. ಪೈಲಟ್ ಬೈದ. ಅಷ್ಟರಲ್ಲಿ ಗಾಳಿಯೇ ಕನಿಕರಪಟ್ಟು ಎತ್ತಿಕೊಂಡಿತು. ಹೊಟ್ಟೆ ಬಾಯಿಗೆ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ತೊಟ್ಟಿಲಿನಲ್ಲಿ ಕೂತ ಹಾಗೆ. ಶಬ್ದ ಮಾತ್ರ ಇದೆ, ಸಿನಿಮಾದಲ್ಲಿ ಹಾಕುವ ವಯೊಲಿನ್ ಅಲ್ಲ. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕೇಳುತ್ತದಲ್ಲ, ಆ ಗಾಳಿಯ ಶಬ್ದ. ಪಕ್ಕದಲ್ಲೇ ಎರಡು ಗರುಡ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ರೆಕ್ಕೆ ಬಡಿಯದೆ ಅದೇ ಏರುಗಾಳಿಯಲ್ಲಿ ತೇಲುತ್ತಿದ್ದವು. ಅವು ಏರಿದಲ್ಲಿಗೆ ನನ್ನ ಪೈಲಟ್ ತಿರುಗಿಸುತ್ತಿದ್ದ. ಅವನ ಗುರುಗಳು ಅವೇ ಇರಬೇಕು. ಎಡಗಡೆ ಊರು: ಹೆಂಚಿನ ಮಾಡು, ತೆಂಗು, ಜನಾರ್ದನ ದೇವಸ್ಥಾನದ ಕಡೆಗೆ ಹೋಗುವ ರಸ್ತೆ. ಬಲಗಡೆ ಆಕಾಶ ಮುಟ್ಟುವ ತನಕ ಸಮುದ್ರ. ಕಾಲ ಕೆಳಗೆ ನೋಡಿದರೆ ಪಾಪನಾಶಂ! ಸಾಲಾಗಿ ಕೂತ ಜನ, ಬಾಳೆಲೆ, ಪಿಂಡ, ಕಾಗೆ. ನನ್ನ ಬೂಟಿನ ನೇರ ಕೆಳಗೆ! ಸ್ವಾಮಿ, ಅದನ್ನು ನೋಡಿದ ಮೇಲೆ ನಾನು ಗರುಡನನ್ನೇ ನೋಡಿಕೊಂಡು ಕೂತೆ.

ಅಲ್ಲಿ ಕೂತಾಗ ಒಂದು ಲೆಕ್ಕ ತಲೆಗೆ ಬಂತು. ನನ್ನ ಮೈಮೇಲೆ ಪಟ್ಟಿಗಳು, ಬೀಗದ ಕೊಕ್ಕೆಗಳು, ಹೆಲ್ಮೆಟ್, ಹೆಚ್ಚುವರಿ ಪ್ಯಾರಾಚೂಟ್, ಬೆನ್ನಿಗೊಬ್ಬ ಕಲಿತ ಪೈಲಟ್. ಇಷ್ಟೆಲ್ಲ ಯಾಕೆ? ನಾನು ಮಜಾ ಮಾಡಲು ಬಂದವನು, ನನಗೆ ಏನೂ ಆಗಬಾರದು ಎಂದು. ಅವನ ಮೈಮೇಲೆ ಆಟಿಯ ಮಳೆಯಲ್ಲಿ ಏನಿರುತ್ತದೆ? ತಳೆ, ಮುಟ್ಟಾಳೆ, ಪ್ಲಾಸ್ಟಿಕ್ ಕೋಟು. ನಾವಿಬ್ಬರಲ್ಲಿ ಯಾರು ಹೀರೋ, ಯಾರು ಡ್ಯೂಪು? ಪೈಲಟ್ "ಕಾಲು ಎತ್ತಿ, ಇಳಿಯುತ್ತಿದ್ದೇವೆ" ಎಂದ. ಮರಳಿನ ಮೇಲೆ ಕುಂಡೆಯಲ್ಲಿ ಇಳಿದೆ. ಅದರ ವಿಡಿಯೋ ಇದೆ, ತೋರಿಸುವುದಿಲ್ಲ.

ಇಲ್ಲಿಗೆ ಇಂಟರ್‌ವಲ್. ಮುಂದಿನದು ಕಡಬದ ಮಿತ್ರ ಸ್ವಲ್ಪ ಗಮನವಿಟ್ಟು ಓದಬೇಕು.

ನಾವು ಬಂದು ಮೂರು ತಿಂಗಳೂ ಆಗಿರಲಿಲ್ಲ. 2023ರ ಮಾರ್ಚ್ 7. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಾ ಟಿವಿ ನೋಡಿದೆ. ಅದೇ ಪಾಪನಾಶಂ. ಅಲ್ಲಿನ ಎತ್ತರದ ಹೈಮಾಸ್ಟ್ ದೀಪದ ಕಂಬದ ತುದಿಗೆ ಬಟ್ಟೆಯ ರೆಕ್ಕೆ ಸುತ್ತಿಕೊಂಡಿದೆ, ಅದರ ಜೊತೆ ಇಬ್ಬರು. ಕೊಯಮತ್ತೂರಿನಿಂದ ಬಂದ ಒಬ್ಬ ಯುವತಿ ಮತ್ತು ಅವಳ ಪೈಲಟ್. ಸುಮಾರು ಎರಡು ಗಂಟೆ ಅಲ್ಲೇ. ಕೆಳಗೆ ಹಾಸಿಗೆ, ಬಲೆ ಹಾಸಿ ಅಗ್ನಿಶಾಮಕದವರು ಅವರನ್ನು ಇಳಿಸಿಕೊಂಡರು. ಇಬ್ಬರೂ ಬದುಕಿದರು. ಪೊಲೀಸ್ ಕೇಸಾಯಿತು. ನನ್ನ ಕೈಯ ಗ್ಲಾಸು ನಡುಗುತ್ತಿತ್ತು. ಆ ಕಂಬದ ಪಕ್ಕದಲ್ಲಿ ಡಿಸೆಂಬರಿನಲ್ಲಿ ನಾನು ಹಾರಿದ್ದೇನೆ, ಅಂಥದ್ದೊಂದು ಕಂಬ ಇದೆಯೆಂದು ನೋಡಿಯೂ ಇರಲಿಲ್ಲ. ಕಂಬ ಬಚಾವು ಮಾಡಿದ ಕಥೆಯಾಯಿತು ಇದು. ಎಲ್ಲ ಕಡೆ ಬಚಾವಾಗುವುದಿಲ್ಲ: 2025ರ ಜನವರಿಯಲ್ಲಿ ಗೋವಾದ ಕೇರಿ ಎಂಬಲ್ಲಿ ಪುಣೆಯ ಒಬ್ಬ ಪ್ರವಾಸಿ ಯುವತಿ, ನೇಪಾಳದ ಪೈಲಟ್ ಇಬ್ಬರೂ ಬಿದ್ದು ತೀರಿಕೊಂಡರು. ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ.

ಹಾಗಾಗಿ ಮಿತ್ರಾ, ಹಾರಬೇಡ ಎನ್ನುವುದಿಲ್ಲ, ಹಾರಿದವನಿಗೆ ಹಾಗೆ ಹೇಳುವ ಹಕ್ಕಿಲ್ಲ. ಆದರೆ ದುಡ್ಡು ಕೊಡುವ ಮೊದಲು ಬಾಯಿ ಬಿಡು. ಪೈಲಟ್ ಎಲ್ಲಿ ಕಲಿತವನು, ಲೈಸೆನ್ಸ್ ತೋರಿಸು ಎಂದು ಕೇಳು. ಹೆಚ್ಚುವರಿ ಪ್ಯಾರಾಚೂಟ್ ಎಲ್ಲಿದೆ, ಕೈಯಿಂದ ಮುಟ್ಟಿ ನೋಡು. ತೊಡೆಯ ಪಟ್ಟಿ ಎರಡೂ ಹಾಕಿದ್ದಾರಾ ನೋಡು. ಎದೆಯದ್ದು ಹಾಕಿ ತೊಡೆಯದ್ದು ಮರೆತರೆ ಮನುಷ್ಯ ಕೆಳಗಿನಿಂದ ಜಾರಿಹೋಗುತ್ತಾನೆ. ಗಾಳಿ ಸರಿ ಇಲ್ಲ, ಇವತ್ತು ಆಗ್ಲಿಕ್ಕಿಲ್ಲ ಎಂದು ದುಡ್ಡು ವಾಪಸು ಕೊಡುವವನು ಸಿಕ್ಕಿದರೆ ಅವನ ಕೈ ಕುಲುಕಿ ಒಂದು ರಾತ್ರಿ ಅಲ್ಲೇ ಉಳಿದುಕೋ, ಅವನೇ ಸರಿಯಾದ ಜನ. ಜನ ಕ್ಯೂ ನಿಂತಿದ್ದಾರೆಂದು ಅವಸರ ಮಾಡುವವನಾದರೆ ವಾಪಸು ಬಂದು ಮ್ಯಾಟಿನಿ ನೋಡು. ಇನ್ನು ಪತ್ರದ ಕೊನೆಗೆ "ನಮ್ಮ ಕುಮಾರಪರ್ವತದಿಂದ ಹಾರಬಹುದಾ?" ಎಂದು ಸಣ್ಣ ಅಕ್ಷರದಲ್ಲಿ ಕೇಳಿದ್ದೀಯಲ್ಲ... ಎಂಥ ಹುಡುಗನಪ್ಪಾ! 1712 ಮೀಟರ್ ಎತ್ತರ ಇದೆ ಎಂಬುದು ನಿಜ. ಕೆಳಗೆ ಕುಕ್ಕೆಯ ತನಕ ಒಂದೇ ಕಾಡು, ಆಚೆ ಕಡೆ ಪುಷ್ಪಗಿರಿ ಅಭಯಾರಣ್ಯ. ಇಳಿಯುವುದು ಎಲ್ಲಿ, ಆನೆಯ ಬೆನ್ನ ಮೇಲಾ? ಅದನ್ನು ಹತ್ತುವುದೇ ದೊಡ್ಡ ಸಾಹಸ. ನಡೆದೇ ಹತ್ತು, ನಡೆದೇ ಇಳಿ.

ಗೆಳೆಯನ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ. ಊರಿಗೆ ಬಂದು ಹದಿನೈದು ದಿನದಲ್ಲಿ ಅವನು ಮಂಗಳೂರಿಗೆ ಹೋಗಿ ದೊಡ್ಡ ಕಟ್ಟಡದ ಕೆಲಸದವರು ಹಾಕುವ ಸೇಫ್ಟಿ ಬೆಲ್ಟ್ ತಂದ. ತಂದರೆ ಆಯಿತಾ? ಬೆಲ್ಟ್ ಮರಕ್ಕೆ ಕಟ್ಟಿದರೆ ಪಕ್ಕದ ಮರಕ್ಕೆ ದಾಟುವುದು ಹೇಗೆ? ಪ್ರತಿ ಸಲ ಬಿಚ್ಚಬೇಕು, ಇಲ್ಲ ಇಳಿದು ಹತ್ತಬೇಕು. ದಿನಕ್ಕೆ ಆಗುವ ಮರ ಅರ್ಧಕ್ಕರ್ಧ ಕಮ್ಮಿಯಾಯಿತು. ಒಂದು ತೋಟದ ಧನಿ "ನೀನು ಸರ್ಕಸ್ಸಿಗೆ ಹೋಗುದಾ, ಕೆಲಸಕ್ಕೆ ಬರುದಾ?" ಎಂದು ಕೇಳಿದರಂತೆ. ಇನ್ನೊಬ್ಬರು ಏನೂ ಹೇಳದೆ ಮರದ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಕೂಲಿ ಕೊಟ್ಟರಂತೆ. ಎರಡೂ ಥರದವರು ಇದ್ದಾರೆ. ಈಗ ಕೊಯ್ಲಿಗೆ ಕಾರ್ಬನ್ ಫೈಬರಿನ ಉದ್ದ ದೋಟಿ ಬಂದಿದೆ, ನೆಲದಲ್ಲೇ ನಿಂತು ಕೊನೆ ಇಳಿಸಬಹುದು, ಮದ್ದೂ ಬಿಡಬಹುದು. ಕತ್ತು ನೋಯುತ್ತದೆ, ಸೊಂಟ ಉಳಿಯುತ್ತದೆ. ಅವನು ಅದನ್ನು ಕಲಿತ. ತೀರಾ ಎತ್ತರದ ಹಳೆ ಮರಕ್ಕೆ ಮಾತ್ರ ಹತ್ತುತ್ತಾನೆ, ಬೆಲ್ಟ್ ಕಟ್ಟಿಕೊಂಡು.

ಕಂಬದ ಸುದ್ದಿ ಬಂದ ರಾತ್ರಿ ನಾನು ಅವನಿಗೆ ಫೋನ್ ಮಾಡಿದ್ದೆ. ಮನೆಯಲ್ಲಿ ಎಲ್ಲರೂ ಟಿವಿ ನೋಡಿಯಾಗಿತ್ತು. "ಅಮ್ಮ ಬೈದ್ರಾ?" ಎಂದು ಕೇಳಿದೆ.

"ಇಲ್ಲ ಅಣ್ಣ. ಎರಡು ಗಂಟೆ ನೇತುಬಿದ್ರೂ ಆ ಪಟ್ಟಿ ಬಿಡ್ಲಿಲ್ಲ ನೋಡು ಅಂತ ಅಣ್ಣನಿಗೆ ತೋರಿಸ್ತಾ ಇದ್ರು. ಮತ್ತೆ..."

"ಮತ್ತೆ ಎಂತ?"

"ಅವರಿಗೂ ಒಮ್ಮೆ ಹಾರಬೇಕಂತೆ. ವಯಸ್ಸಾದವರನ್ನು ಕರ್ಕೊಂಡು ಹೋಗ್ತಾರಾ ಅಂತ ನಿಮ್ಮತ್ರ ಕೇಳ್ಲಿಕ್ಕೆ ಹೇಳಿದ್ದಾರೆ."